ಪಾಡ್‌ಕಾಸ್ಟ್ ಕೇಳಿ: ಪಿಎಚ್‌ಡಿ ಹುಡುಗಿಯ ಮೊದಲ ಪ್ರಬಂಧಕ್ಕೆ ಒಲಿದ ನೊಬೆಲ್

‘ಪಿಎಚ್‌ಡಿ ಮಾಡಿ ಏನ್ ಸಿಗುತ್ತೆ? ಐದಾರು ವರ್ಷ ದಂಡ’ ಅನ್ನೋ ಮಾತನ್ನ ನೀವೂ ಮನೆಯಲ್ಲಿ ಕೇಳಿರ್ತೀರಿ. ಇವತ್ತು ಅಂಥ ಒಬ್ಬ ವಿದ್ಯಾರ್ಥಿನಿಯ ಕಥೆ ಹೇಳ್ತೀನಿ.

1980ರ ದಶಕ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯ. ಕೆನಡಾದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅಲ್ಲಿ ಜೆರಾರ್ ಮುರೂ ಅವರ ಬಳಿ ಸಂಶೋಧನೆ ಮಾಡ್ತಿದ್ರು. ಆಗ ಲೇಸರ್ ವಿಜ್ಞಾನಿಗಳಿಗೆ ಒಂದು ತಲೆನೋವಿತ್ತು. ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಚಿಕ್ಕ ಬೆಳಕಿನ ಪಲ್ಸ್‌ಗೆ ಹೆಚ್ಚು ಶಕ್ತಿ ತುಂಬೋಕೆ ಹೋದ್ರೆ, ತುಂಬೋ ಉಪಕರಣವೇ ಸುಟ್ಟು ಹಾಳಾಗ್ತಿತ್ತು.

ಜಾತ್ರೆಯಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದ್ರೆ ಗುಡಿ ಬಾಗಿಲು ಮುರಿಯುತ್ತೆ, ಅಲ್ವಾ? ಸಾಲಲ್ಲಿ ಹೋಗಿ, ಪ್ರಸಾದ ತಗೊಂಡು, ಹೊರಗೆ ಬಂದು ಮತ್ತೆ ಒಟ್ಟಾದ್ರೆ ತೊಂದರೆ ಇಲ್ಲ. ಇವರು ಮಾಡಿದ್ದೂ ಅದನ್ನೇ. 1.4 ಕಿ.ಮೀ. ಉದ್ದದ ಆಪ್ಟಿಕಲ್ ಫೈಬರ್‌ನಲ್ಲಿ ಪಲ್ಸ್ ಕಳಿಸಿದ್ರು. ಉದ್ದ ತರಂಗಗಳು ಮುಂದೆ ಹೋದವು, ಗಿಡ್ಡವು ಹಿಂದೆ ಬಿದ್ದವು. ಪಲ್ಸ್ ಹಿಗ್ಗಿ, ತೀವ್ರತೆ ತಗ್ಗಿತು. ಆಮೇಲೆ ಶಕ್ತಿ ತುಂಬಿ, ಸಣ್ಣ ಗೆರೆಗಳಿರೋ ಗ್ರೇಟಿಂಗ್ ಜೋಡಿಯಿಂದ ಮತ್ತೆ ಕುಗ್ಗಿಸಿದ್ರು.

1985ರಲ್ಲಿ ಪ್ರಬಂಧ ಬಂತು. ಬರೀ ಮೂರು ಪುಟ. ಡೊನ್ನಾ ಅವರಿಗೆ ಅದೇ ಮೊದಲ ಪ್ರಬಂಧ!

ಆದ್ರೆ ಪಿಎಚ್‌ಡಿ ಮುಗಿದದ್ದು 1989ರಲ್ಲಿ. ಲೇಸರ್ ಕಟ್ಟಿದ್ದಷ್ಟೇ ಅಲ್ಲ, ಅದನ್ನ ಬಳಸಿಯೂ ತೋರಿಸಿದ್ರು. ತೀವ್ರ ಬೆಳಕಿನಲ್ಲಿ ಹಲವು ಫೋಟಾನ್‌ಗಳು ಒಟ್ಟಿಗೆ ಸೇರಿ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕ್ತವೆ. ಹೀಗೆ ಬಿಡಿಯಾದ ಎಲೆಕ್ಟ್ರಾನ್, ಅಯಾನುಗಳ ಗುಂಪೇ ಪ್ಲಾಸ್ಮಾ. ಪರಮಾಣು ಒಂದೇ ಸಲಕ್ಕೆ ಎರಡು ಫೋಟಾನ್ ಹೀರಬಲ್ಲದು ಅಂತ ಲೆಕ್ಕ ಹಾಕಿ ಮೊದಲು ಹೇಳಿದ್ದು ಮರಿಯಾ ಗೋಪರ್ಟ್ ಮೇಯರ್. ಅದೂ ಪಿಎಚ್‌ಡಿ ಕೆಲಸವೇ, 1930ರದ್ದು. ಪ್ರಯೋಗದಲ್ಲಿ ಕಾಣೋಕೆ ಲೇಸರ್ ಹುಟ್ಟಬೇಕಾಯ್ತು, 1961ರವರೆಗೆ ಕಾಯಬೇಕಾಯ್ತು.

2018ರಲ್ಲಿ ಡೊನ್ನಾ ಅವರಿಗೆ ನೊಬೆಲ್ ಬಂತು. ಭೌತವಿಜ್ಞಾನದಲ್ಲಿ ಮೇರಿ ಕ್ಯೂರಿ, ಗೋಪರ್ಟ್ ಮೇಯರ್ ನಂತರ ಇವರೇ ಮೂರನೇ ಮಹಿಳೆ. ಇವತ್ತು ಕನ್ನಡಕ ಬಿಡಿಸೋ ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲೂ ಇದೇ ತಂತ್ರದ ಲೇಸರ್ ಇದೆ. ಮುಂಬೈನ ಟಿಐಎಫ್‌ಆರ್, ಇಂದೋರ್‌ನ ಆರ್‌ಆರ್‌ಕ್ಯಾಟ್‌ನಲ್ಲಿ ನಮ್ಮವರೂ ಇಂಥ ಲೇಸರ್‌ಗಳಿಂದ ಪ್ಲಾಸ್ಮಾ ಅಧ್ಯಯನ ಮಾಡ್ತಿದ್ದಾರೆ.

ಎಲ್ಲ ಪಿಎಚ್‌ಡಿಗೂ ನೊಬೆಲ್ ಬರಲ್ಲ, ನಿಜ. ಆದ್ರೆ ಮನೆಯಲ್ಲಿ ಯಾರಾದ್ರೂ ‘ದಂಡ’ ಅಂದ್ರೆ, ಈ ಎಪಿಸೋಡ್ ಒಮ್ಮೆ ಕೇಳಿಸಿ. ಮತ್ತೆ ಸಿಗೋಣ.