ಕಡಲಿನಿಂದ ಏನು ತರಬೇಕು?

(ಬೇಸಿಗೆಯ ರಜೆಗೆ ಮುನ್ನ ನಮ್ಮ ವಾಚನಾಲಯದಲ್ಲಿ ನಡೆದ ಮಕ್ಕಳ ಹಾಗೂ ಪಾಲಕರ ಕೂಟದಲ್ಲಿ ಮಾಡಿದ ಭಾಷಣ)



ಇನ್ನೆರಡು ವಾರ ಕಳೆದರೆ ಶಾಲೆಗಳಿಗೆ ರಜೆ. ನಮ್ಮಲ್ಲಿ ಅನೇಕರ ಮನೆಯಲ್ಲಿ ಊರಿಗೆ ಹೋಗುವ ಟಿಕೇಟು ಆಗಲೇ ತೆಗೆದಾಗಿದೆ. ಕಾರವಾರ, ಕುಮಟೆ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡು - ಎಲ್ಲಿ ಇಳಿದರೂ ಕಡಲು ದೂರವಿಲ್ಲ. ಕಡಲಿಗೆ ಹೋದ ಮಕ್ಕಳು ಬರಿಗೈಯಲ್ಲಿ ಬಂದದ್ದನ್ನು ನಾನಂತೂ ಕಂಡಿಲ್ಲ.

ಈ ಸಲ ನಮ್ಮ ತರುಣ ಕಾರ್ಯಕರ್ತರು ಒಂದು ಯೋಜನೆ ಹಾಕಿದ್ದಾರೆ. ಮಕ್ಕಳು ರಜೆಯಲ್ಲಿ ಕೂಡಿಹಾಕಿದ ಚಿಪ್ಪು, ಶಂಖ, ಕವಡೆಗಳನ್ನು ತಂದು ಇದೇ ಕೋಣೆಯಲ್ಲಿ ಪ್ರದರ್ಶನಕ್ಕೆ ಇಡುವುದು; ಹೆಚ್ಚು ತಂದವರಿಗೆ ಬಹುಮಾನ. ಇದಕ್ಕೆ ಪ್ರೋತ್ಸಾಹದ ನಾಲ್ಕು ಮಾತು ಆಡೆಂದು ನನ್ನನ್ನು ಕರೆದರು. ನಾನು ಸ್ವಲ್ಪ ಅಡ್ಡ ಮಾತು ಆಡಲಿದ್ದೇನೆ, ಕರೆದವರು ಕ್ಷಮಿಸಬೇಕು. ಪ್ರದರ್ಶನ ಬೇಡವೆನ್ನುವುದಿಲ್ಲ. ‘ಹೆಚ್ಚು ತಂದವರಿಗೆ’ ಎಂಬ ಎರಡು ಮಾತು ಮಾತ್ರ ಬೇಡ. ಏಕೆಂದು ಹೇಳುತ್ತೇನೆ.

ಅರವತ್ತು ವರ್ಷಗಳಿಗೂ ಹಿಂದಿನ ಮಾತು. ಕೊಂಕಣ ರೈಲ್ವೆ ಪೂರ್ತಿಯಾದುದು 1998ರಲ್ಲಿ; ಆಗ ನಾವು ಊರಿಗೆ ಹೋಗುತ್ತಿದ್ದುದು ಬಸ್ಸಿನಲ್ಲಿ, ಮೈ ನುಗ್ಗಾಗುವಂತೆ. ನನ್ನ ಅಜ್ಜಿಯ ಮನೆ ಕುಮಟೆಯ ಕಡೆ, ಅಘನಾಶಿನಿ ಹೊಳೆ ಕಡಲು ಸೇರುವಲ್ಲಿ. ನನಗಾಗ ಒಂಬತ್ತು-ಹತ್ತು ವರ್ಷ. ರಜೆ ಮುಗಿಯುವ ದಿನ ಒಂದು ಬಿಸ್ಕಿಟ್ ಡಬ್ಬಿಯ ತುಂಬ ಚಿಪ್ಪು, ಶಂಖಗಳನ್ನು ತುಂಬಿ, ಯಾರಿಗೂ ತಿಳಿಯದಂತೆ ಟ್ರಂಕಿನ ತಳದಲ್ಲಿ ಬಚ್ಚಿಟ್ಟೆ. ಡೊಂಬಿವಲಿಗೆ ಬಂದ ಮೂರನೆಯ ದಿನ ನಮ್ಮ ಖೋಲಿಯಲ್ಲಿ ಕೂರಲಾಗದಂಥ ನಾತ. ಅಮ್ಮ ಇಲಿ ಸತ್ತಿದೆಯೆಂದು ಕಪಾಟು ಸರಿಸಿದರು. ನೆರೆಯ ಮರಾಠಿ ಬಾಯಿಯವರೂ ಬಂದು ಹುಡುಕಿದರು. ಕೊನೆಗೆ ಡಬ್ಬಿ ತೆರೆದಾಗ, ಅತ್ಯಂತ ಚೆಂದದ ಶಂಖಗಳೆಂದು ನಾನು ಆರಿಸಿದ್ದವುಗಳ ಒಳಗೇ ಜೀವಿಗಳು ಸತ್ತು ಕೊಳೆತಿದ್ದವು. ನನಗೆ ಬಿದ್ದ ಏಟು ಮರೆತುಹೋಗಿದೆ. ಆ ವಾಸನೆ ಮರೆತಿಲ್ಲ.

ಮುಂದಿನ ವರ್ಷ ಇದನ್ನು ಅಜ್ಜಿಗೆ ಹೇಳಿದೆ. ನಗುವಳೆಂದುಕೊಂಡಿದ್ದೆ. ಅವಳು ನಗಲಿಲ್ಲ. “ತಮಾ, ಅದು ಅದರ ಮನೆಯೊಳಗೆ ಇದ್ದಿತ್ತು. ನೀ ಮನೆ ಸಮೇತ ಹೊತ್ಕಂಡು ಹೋದ್ಯಲ್ಲೋ” ಎಂದಳು. ಅಷ್ಟೇ ಮಾತು.

ಅಜ್ಜಿ ಶಾಲೆಗೆ ಹೋದವಳಲ್ಲ. ಆದರೆ ಅವಳಾಡಿದ್ದು ಪ್ರಾಣಿಶಾಸ್ತ್ರದ ಮೊದಲನೆಯ ಪಾಠ. ಚಿಪ್ಪು ಕಲ್ಲಲ್ಲ, ಒಂದು ಮೆತ್ತನೆಯ ಜೀವಿ ಕಟ್ಟಿದ ಮನೆ. ಕಡಲ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ, ಮೈಯ ಹೊರಪದರಿನಿಂದ ಒಸರಿಸಿ, ಅಂಚಿಗೆ ಅಂಚು ಸೇರಿಸುತ್ತ ಅದು ಮನೆಯನ್ನು ಬೆಳೆಸುತ್ತದೆ. ಚಿಪ್ಪಿನ ಬೆನ್ನ ಮೇಲಿನ ಗೆರೆಗಳು ಹಾಗೆ ಬೆಳೆದುದರ ಗುರುತು. ಕೆಲವು ಚಿಪ್ಪುಗಳಲ್ಲಿ ಬೈರಿಗೆಯಿಂದ ಕೊರೆದಂತೆ ಒಂದು ದುಂಡನೆಯ ತೂತು ಇರುತ್ತದೆ. ಮಾಲೆ ಪೋಣಿಸಲು ಅನುಕೂಲವೆಂದು ಹುಡುಗಿಯರು ಅಂಥವನ್ನೇ ಆಯುತ್ತಾರೆ. ಆ ತೂತು ದೇವರು ದಾರಕ್ಕಾಗಿ ಮಾಡಿದ್ದಲ್ಲ. ದುಂಡು ಮೈಯ ಒಂದು ಬಗೆಯ ಕಡಲ ಬಸವನಹುಳು ಚಿಪ್ಪನ್ನು ಅಪ್ಪಿ ಹಿಡಿದು, ಆಮ್ಲ ಸುರಿಸಿ, ಅರದಂಥ ನಾಲಗೆಯಿಂದ ಗಂಟೆಗಟ್ಟಲೆ ಕೊರೆದು, ಒಳಗಿನ ಮಾಂಸವನ್ನು ತಿಂದ ದಾರಿ ಅದು. ಮಾಲೆಯ ಒಂದೊಂದು ಮಣಿಯೂ ಒಂದೊಂದು ಬೇಟೆಯ ಕಥೆ.

“ಸರಿ, ಜೀವವಿರುವುದನ್ನು ಮುಟ್ಟುವುದಿಲ್ಲ; ಖಾಲಿ ಚಿಪ್ಪನ್ನು ತಂದರೆ ಯಾರಿಗೇನು ನಷ್ಟ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡುವವನು ಸನ್ಯಾಸಿ ಏಡಿ. ಅವನ ಬೆನ್ನಿನ ಹಿಂಭಾಗ ಮೆತ್ತಗಿನದು, ಸ್ವಂತ ಕವಚವಿಲ್ಲ. ಆದುದರಿಂದ ಯಾರೋ ಬಿಟ್ಟುಹೋದ ಶಂಖದೊಳಗೆ ಹಿಂದುಹಿಂದಾಗಿ ಹೊಕ್ಕು ಅದನ್ನೇ ಹೊತ್ತು ತಿರುಗುತ್ತಾನೆ. ಮೈ ಬೆಳೆದಂತೆ ದೊಡ್ಡ ಶಂಖಕ್ಕೆ ಬಿಡಾರ ಬದಲಾಯಿಸುತ್ತಾನೆ. ನಮ್ಮ ಹಿರಿಯರೂ ಊರು ಬಿಟ್ಟು ಬಂದು ಒಂದು ಖೋಲಿ ಹಿಡಿದು, ಸಂಸಾರ ಬೆಳೆದ ಮೇಲೆ ಎರಡು ಖೋಲಿಯ ಬ್ಲಾಕಿಗಾಗಿ ಅಲೆದವರೇ. ಡೊಂಬಿವಲಿಯವರಿಗೆ ಈ ಏಡಿಯ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಅವನಿಗೆ ದಲ್ಲಾಳಿಯ ಕಾಟವಿಲ್ಲ, ನಿಜ. ಆದರೆ ಇರುವ ಖಾಲಿ ಮನೆಗಳನ್ನೆಲ್ಲ ನಾವೇ ಚೀಲಕ್ಕೆ ತುಂಬಿದರೆ ಅವನು ಎಲ್ಲಿಗೆ ಹೋಗಬೇಕು? ಉಳಿದ ಚಿಪ್ಪುಗಳೂ ಸುಮ್ಮನೆ ಬಿದ್ದಿರುವುದಿಲ್ಲ. ಕಡಲ ಪಾಚಿಗೂ ಸಣ್ಣ ಜೀವಿಗಳಿಗೂ ಅಂಟಿಕೊಳ್ಳಲು ನೆಲೆಯಾಗಿ, ಅಲೆಯ ಹೊಡೆತಕ್ಕೆ ಒಡೆದು ಪುಡಿಯಾಗಿ, ಮರಳಿಗೆ ಸೇರುತ್ತವೆ.

ಒಬ್ಬರು ನಾಲ್ಕು ತಂದರೆ ಕಡಲೇನೂ ಬಡವಾಗದು. ಆದರೆ ಈಗ ಒಬ್ಬರಲ್ಲ, ಸಾವಿರಾರು ಜನ ಹೋಗುತ್ತೇವೆ. ಸ್ಪೇನ್ ದೇಶದ ಸಾಲೋ ಎಂಬಲ್ಲಿನ ಕಡಲತೀರವೊಂದರಲ್ಲಿ ವಿಜ್ಞಾನಿಗಳು 1978ರಿಂದ 1981ರವರೆಗೆ ಚಿಪ್ಪುಗಳನ್ನು ಎಣಿಸಿದ್ದರು. ಮೂವತ್ತು ವರ್ಷ ಬಿಟ್ಟು, 2008ರಿಂದ 2010ರವರೆಗೆ, ಅದೇ ತೀರದಲ್ಲಿ ಮತ್ತೆ ಎಣಿಸಿದರು. 2014ರಲ್ಲಿ ಲೆಕ್ಕ ಪ್ರಕಟವಾಯಿತು. ಆ ಅವಧಿಯಲ್ಲಿ ಅಲ್ಲಿಗೆ ಬರುವ ಪ್ರವಾಸಿಗರು ಹೆಚ್ಚುಕಡಿಮೆ ಮೂರು ಪಟ್ಟಾಗಿದ್ದರು. ಚಿಪ್ಪುಗಳು ನೂರಕ್ಕೆ ಅರವತ್ತಕ್ಕೂ ಮಿಕ್ಕಿ ಕಡಿಮೆಯಾಗಿದ್ದವು. ಆಯ್ದುಕೊಂಡು ಹೋಗುವುದರ ಜೊತೆಗೆ ತೀರವನ್ನು ಯಂತ್ರದಿಂದ ಗುಡಿಸುವುದೂ ಕಾರಣವಿರಬಹುದೆಂದು ಅವರು ಹೇಳಿದರು. ಹೇಗಿದ್ದರೂ ಅದು ಜನರು ಹೆಚ್ಚಿದುದರ ಫಲವೇ. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಕ್ಕೆ ರಜೆಯ ದಿನಗಳಲ್ಲಿ ದೋಣಿಯ ಮೇಲೆ ದೋಣಿ ಜನ ಇಳಿಯುವುದನ್ನು ಕಂಡವರು ಈ ಲೆಕ್ಕವನ್ನು ನೆನೆಯಬೇಕು.

ಇನ್ನೊಂದು ಮಾತು. ನಮಗೆ ಆಟದ ವಸ್ತುವಾದ ಚಿಪ್ಪು ಕೆಲವರಿಗೆ ಅನ್ನ. ನಾನು ಹೇಳಿದ ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಸೊಂಟಮಟ್ಟ ನೀರಿಗಿಳಿದು ಬೆಳಚು ಹೆಕ್ಕುತ್ತಾರೆ. 2008ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಅಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳು ಸಿಗುತ್ತಿದ್ದವು. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದರಿಂದ ದುಡಿಮೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳಲ್ಲಿ ಒಂದೆನಿಸಿತು. ನನ್ನ ಅಜ್ಜಿಯ ನೆರೆಮನೆಯಾಕೆ ಬೆಳಚಿನ ಬುಟ್ಟಿ ಹೊತ್ತು ಮಗನ ಶಾಲೆಯ ಖರ್ಚು ತೂಗಿಸಿದವಳು. ಅವಳು ಸಣ್ಣ ಬೆಳಚು ಕೈಗೆ ಬಂದರೆ “ನಾಳಿಗೆ ಬಾ” ಎಂದು ನೀರಿಗೇ ಬಿಡುತ್ತಿದ್ದಳು. ಹೊಟ್ಟೆಪಾಡಿಗಾಗಿ ಹೆಕ್ಕುವವಳಿಗಿದ್ದ ಆ ಸಂಯಮ ವಿನೋದಕ್ಕಾಗಿ ಹೆಕ್ಕುವ ನಮಗೆ ಬೇಡವೆ?

ಪಾಲಕರಿಗೆ ಎರಡು ಎಚ್ಚರಿಕೆಯ ಮಾತು. ಮೊದಲನೆಯದು ಕಾನೂನಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗಳಿಗೆ 2001ರಲ್ಲಿ 24 ಬಗೆಯ ಚಿಪ್ಪುಜೀವಿಗಳನ್ನು ಸೇರಿಸಿದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಗಳನ್ನು ಹೊಸದಾಗಿ ಜೋಡಿಸಿದರು. ನಾಟಿಲಸ್, ದೈತ್ಯ ಕಪ್ಪೆಚಿಪ್ಪು ಮೊದಲಾದವು ಅದರಲ್ಲಿ ಬರುತ್ತವೆ. ಯಾತ್ರಾಸ್ಥಳದ ಅಂಗಡಿಯಲ್ಲಿ ಹೊಳಪು ಕೊಟ್ಟ ದೊಡ್ಡ ಶಂಖವನ್ನು ಕಂಡು ಮರುಳಾಗುವ ಮುನ್ನ ಇದು ನೆನಪಿರಲಿ. ಎರಡನೆಯದು ಜೀವದ ಮಾತು. ಐಸ್‌ಕ್ರೀಮಿನ ಕೋನಿನ ಆಕಾರದ, ಚಿತ್ತಾರ ಬರೆದಂಥ ಒಂದು ಬಗೆಯ ಶಂಖಗಳಿವೆ. ಒಳಗೆ ಜೀವಿ ಇದ್ದರೆ ಅದು ವಿಷದ ಮುಳ್ಳಿನಿಂದ ಚುಚ್ಚುತ್ತದೆ. ಈ ಬಳಗದ ಕೆಲವು ಜಾತಿಗಳು ಚುಚ್ಚಿ ಮನುಷ್ಯರು ಸತ್ತದ್ದೂ ಉಂಟು. ಅಂಥದನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ.

ಹಾಗಾದರೆ ಕಡಲಿನಿಂದ ಏನು ತರಬೇಕು? ಹೆಸರು ತನ್ನಿ ಎನ್ನುತ್ತೇನೆ.

ಈ ಕೋಣೆಯಲ್ಲೇ ಕಳೆದ ವಾರ ಒಬ್ಬ ಹುಡುಗನಿಗೆ ಚಿಪ್ಪಿನ ಚಿತ್ರ ತೋರಿಸಿ, ಇದೇನು ಎಂದೆ. “ಶೆಲ್” ಎಂದ. ಇನ್ನೊಂದು ತೋರಿಸಿದೆ. ಅದೂ “ಶೆಲ್.” ನಾಲ್ಕು ತೋರಿಸಿದರೂ ಒಂದೇ ಉತ್ತರ. ಹುಡುಗನ ತಪ್ಪಲ್ಲ, ಹೇಳಿಕೊಡಬೇಕಾದ ನಾವು ಹೇಳಿಲ್ಲ. ಬೆಳಚು ಎಂದು ಕುಮಟೆಯಲ್ಲಿ ಅಂದರೆ, ಅದರ ಬಳಗದವಕ್ಕೆ ತುಳುನಾಡಿನಲ್ಲಿ ಮರುವಾಯಿ ಅನ್ನುತ್ತಾರೆ. ಇಲ್ಲಿಯ ಮೀನುಪೇಟೆಯಲ್ಲಿ ತಿಸರ್‍ಯಾ. ಬಯಲುಸೀಮೆಯವರಿಗೆ ಎಲ್ಲವೂ ಕಪ್ಪೆಚಿಪ್ಪು. ನಮ್ಮ ಭಾಷೆಯಲ್ಲಿ ಕವಡೆಯಿಂದ ಚೌಕಾಬಾರ ಆಡಿದ್ದೇವೆ, ಬೆಲೆಯಿಲ್ಲದ್ದಕ್ಕೆ ಕವಡೆಕಾಸಿನ ಕಿಮ್ಮತ್ತಿಲ್ಲ ಎಂದಿದ್ದೇವೆ, ವೀಳ್ಯಕ್ಕೆ ಚಿಪ್ಪಿನ ಸುಣ್ಣ ಹಚ್ಚಿದ್ದೇವೆ. ಈ ಹೆಸರುಗಳು ಊರಿನ ಅಜ್ಜಿಯರ, ಮೀನುಗಾರರ ಬಾಯಲ್ಲಿ ಇನ್ನೂ ಇವೆ. ಅವರೊಂದಿಗೆ ಇವೂ ಹೋದರೆ ಯಾವ ಅಲೆಯೂ ಮರಳಿ ತಂದು ಹಾಕುವುದಿಲ್ಲ.

ಆದುದರಿಂದ ನನ್ನ ಸೂಚನೆ ಇಷ್ಟು. ಪ್ರತಿಯೊಬ್ಬ ಬಾಲಕ, ಬಾಲಕಿಯೂ ಊರಿಗೆ ಹೋಗುವಾಗ ಚೀಲದ ಬದಲು ಒಂದು ನೋಟುಬುಕ್ಕು ಒಯ್ಯಲಿ. ಅಮಾವಾಸ್ಯೆ, ಹುಣ್ಣಿಮೆಗಳ ಆಚೀಚೆ ನೀರು ಬಹಳ ಇಳಿಯುತ್ತದೆ. ಆಗ ಹಿರಿಯರೊಂದಿಗೆ ತೀರಕ್ಕೆ ಹೋಗಿ. ಚಿಪ್ಪು ಕಂಡರೆ ಮೊದಲು ತಿರುಗಿಸಿ, ಒಳಗೆ ಯಾರಾದರೂ ಇದ್ದಾರೆಯೇ ನೋಡಿ. ಇದ್ದರೆ ಇದ್ದಲ್ಲಿಯೇ ಬಿಡಿ. ಮಗುಚಿದ ಕಲ್ಲನ್ನು ಮೊದಲಿನಂತೆಯೇ ಇಡಿ. ಚಿತ್ರ ಬರೆದುಕೊಳ್ಳಿ, ಬರೆಯಲು ಬಾರದಿದ್ದರೆ ಅಪ್ಪನ ಫೋನಿನಲ್ಲಿ ತೆಗೆದುಕೊಳ್ಳಿ. ಸ್ಥಳ, ದಿನ ಗುರುತಿಸಿ. ಆಮೇಲೆ ಊರವರನ್ನು ಕೇಳಿ, ಅವರು ಹೇಳಿದ ಹೆಸರನ್ನು ಅವರು ಹೇಳಿದಂತೆಯೇ ಕನ್ನಡದಲ್ಲಿ ಬರೆಯಿರಿ. ನೆನಪಿಗೆಂದು ಒಂದೇ ಒಂದು ಖಾಲಿ ಚಿಪ್ಪು ತಂದರೆ ನಾನು ಬೈಯಲಾರೆ. ಬಹುಮಾನ ಮಾತ್ರ ಹೆಚ್ಚು ಹೆಸರು ತಂದವರಿಗೆ. ಆ ಪುಸ್ತಕಗಳನ್ನು ಇಲ್ಲಿಯ ಮೇಜಿನ ಮೇಲೆ ಇಡೋಣ.

ಈ ವರ್ಷ ಊರಿಗೆ ಹೋಗಲಾಗದ ಮಕ್ಕಳು ಬೇಸರಪಡಬೇಕಿಲ್ಲ. ಮುಂಬಯಿಯ ತೀರದಲ್ಲಿ ಏನಿದೆ, ಬರೀ ಕೊಳೆ, ಎಂದು ನಾವೆಲ್ಲ ತಿಳಿದಿದ್ದೆವು. 2017ರಲ್ಲಿ ಕೆಲವು ಉತ್ಸಾಹಿಗಳು ‘ಮರೈನ್ ಲೈಫ್ ಆಫ್ ಮುಂಬಯಿ’ ಎಂಬ ಬಳಗ ಕಟ್ಟಿ, ಇಳಿತದ ಹೊತ್ತಿನಲ್ಲಿ ಜನರನ್ನು ತೀರಕ್ಕೆ ಕರೆದೊಯ್ದು, ಅಲ್ಲಿ ಬದುಕಿರುವ ಶಂಖ, ಏಡಿ, ಹವಳಗಳನ್ನು ತೋರಿಸತೊಡಗಿದರು. ಗಿರಗಾಂವ ಚೌಪಾಟಿ, ಜುಹೂ ನಮಗೆ ಲೋಕಲ್ ಗಾಡಿಯ ದಾರಿ. ನಮ್ಮ ಡೊಂಬಿವಲಿಯ ಮಗ್ಗುಲಲ್ಲಿರುವ ಉಲ್ಹಾಸ್ ಖಾಡಿಯೂ ಕಡಲಿನ ಭರತ-ಇಳಿತಕ್ಕೆ ಏರಿ ಇಳಿಯುವ ನೀರೇ.

ಅಜ್ಜಿ ಈಗಿಲ್ಲ. ಆ ಡಬ್ಬಿಯೂ ಇಲ್ಲ. ಡಬ್ಬಿಯಲ್ಲಿದ್ದ ಚಿಪ್ಪುಗಳನ್ನು ಅಮ್ಮ ಅಂದೇ ಕಸಕ್ಕೆ ಹಾಕಿದರು. ನನ್ನಲ್ಲಿ ಉಳಿದಿರುವುದು ಅಜ್ಜಿ ಹೇಳಿಕೊಟ್ಟ ಹತ್ತು-ಹನ್ನೆರಡು ಹೆಸರುಗಳು ಮಾತ್ರ. ಅವು ಇಂದಿಗೂ ಕೆಟ್ಟಿಲ್ಲ. ಸಭೆ ಮುಗಿದ ಮೇಲೆ ಬೇಕಾದ ಮಕ್ಕಳು ಬನ್ನಿ, ಹೇಳುತ್ತೇನೆ, ಬರೆದುಕೊಳ್ಳಿ.