ಪೇಸ್ಲಿಪ್ಪಿನ 1,250 ರೂಪಾಯಿ ಮತ್ತು ಆಫೀಸ್ ಮುಂದಿನ ಚರಂಡಿ

ಕೊಚ್ಚಿ, ತಿರುವನಂತಪುರದಲ್ಲಿ ಕೆಲಸ ಮಾಡೋರು ಒಮ್ಮೆ ಪೇಸ್ಲಿಪ್ ತೆಗೆದು ನೋಡಿ. ಅರ್ಧ ವರ್ಷಕ್ಕೊಮ್ಮೆ ವೃತ್ತಿ ತೆರಿಗೆ ಅಂತ 1,250 ರೂಪಾಯಿ ಕಡಿತ ಆಗಿರುತ್ತೆ. ಬೆಂಗಳೂರಲ್ಲಿ ತಿಂಗಳಿಗೆ 200 ಹೋಗ್ತಿತ್ತಲ್ಲ, ಅದೇ ತೆರಿಗೆ. ಅಲ್ಲಿ ಅದು ರಾಜ್ಯದ ಖಜಾನೆಗೆ ಹೋಗುತ್ತೆ. ಕೇರಳದಲ್ಲಿ ಸ್ಥಳೀಯ ಸಂಸ್ಥೆಗೆ, ಅಂದ್ರೆ ಚರಂಡಿ ನೋಡ್ಕೊಳ್ಳೋರ ಕೈಗೇ.

2023ರ ಅಕ್ಟೋಬರ್‌ನಲ್ಲಿ ತೆಟ್ಟಿಯಾರ್ ಉಕ್ಕಿ ಟೆಕ್ನೋಪಾರ್ಕ್‌ಗೆ ನೀರು ಬಂತು. 2024ರ ಮೇ 28ರ ಮಳೆಗೆ ಇನ್ಫೋಪಾರ್ಕ್ ಮುಳುಗಿತು. "ಇಷ್ಟು ಟ್ಯಾಕ್ಸ್ ಕಟ್ತೀವಿ, ಎಲ್ಲಿ ಹೋಯ್ತು?" ಅಂತ ವಾಟ್ಸಾಪ್ ಗುಂಪಲ್ಲಿ ನಾನೂ ಕೂಗಾಡಿದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಇನ್‌ಕಂ ಟ್ಯಾಕ್ಸ್ ದೆಹಲಿಗೆ. ಬಾಡಿಗೆ ಮನೆ, ಹಾಗಾಗಿ ಆಸ್ತಿ ತೆರಿಗೆ ಮಾಲೀಕರದ್ದು. ನನ್ನಿಂದ ನಗರಸಭೆಗೆ ನೇರವಾಗಿ ಹೋಗೋದು ವರ್ಷಕ್ಕೆ 2,500. ಅದಕ್ಕಿಂತ ಹೆಚ್ಚು ವಸೂಲಿ ಮಾಡೋಕೆ ಸಂವಿಧಾನದ 276ನೇ ವಿಧಿ ಬಿಡಲ್ಲ. ಈ ಮಿತಿ ಹಾಕಿದ್ದು 1988ರಲ್ಲಿ. ನಾನು ಆಗಿನ್ನೂ ಹುಟ್ಟಿರಲಿಲ್ಲ!

ಹಾಗಾದ್ರೆ ಬಾಂಡ್ ಬಿಡುಗಡೆ ಮಾಡಿ ಅಂತೀರಾ? ಕೇರಳದ ಕಿಫ್‌ಬಿ 2019ರಲ್ಲಿ ಮಸಾಲಾ ಬಾಂಡ್‌ನಿಂದ 2,150 ಕೋಟಿ ಎತ್ತಿತು, ಬಡ್ಡಿ ಶೇ. 9.723. ಮುಖ್ಯಮಂತ್ರಿಗಳು ಲಂಡನ್ ಷೇರುಪೇಟೆಯಲ್ಲಿ ಗಂಟೆ ಬಾರಿಸಿದರು. ಸಾಲ ತೀರಿಸೋಕೆ ಕಿಫ್‌ಬಿಗಿರೋ ಆದಾಯ ಯಾವುದು? ವಾಹನ ತೆರಿಗೆಯ ಪಾಲು, ಪೆಟ್ರೋಲ್ ಮೇಲಿನ ಸೆಸ್. ನಾವೇ ಕಟ್ಟೋದು, ಸ್ವಲ್ಪ ತಡವಾಗಿ.

ಆದ್ರೂ ಬಾಂಡ್ ಬೇಡ ಅನ್ನಲ್ಲ. 2005ರಲ್ಲಿ ಬೆಂಗಳೂರು ಸುತ್ತಲಿನ 8 ಪಟ್ಟಣಗಳ ನೀರಿನ ಯೋಜನೆಗೆ ಕರ್ನಾಟಕ ಒಂದೇ ನಿಧಿ ಮಾಡಿ 100 ಕೋಟಿಯ ಬಾಂಡ್ ತಂತು. ಒಂದೊಂದೇ ಪಟ್ಟಣ ಹೋಗಿದ್ರೆ ಯಾರು ಸಾಲ ಕೊಡ್ತಿದ್ರು? ತೃಕ್ಕಾಕ್ಕರ, ಕಳಮಶ್ಶೇರಿಯಂಥ ನಗರಸಭೆಗಳು ಕೊಚ್ಚಿ ಜೊತೆ ಸೇರಿ ಹೀಗೆ ಮಾಡಬಹುದು. ಮಳೆನೀರಿಗೇನು ವಾರ್ಡ್ ಗಡಿ ಗೊತ್ತಾ?

ಆದ್ರೆ ಬಾಂಡ್ ದುಡ್ಡು ಕಟ್ಟೋಕೆ ಸರಿ. ಕಾಲುವೆ ಚೊಕ್ಕಟ ಇಡೋಕೆ ಯಾರೂ ಲಂಡನ್ನಲ್ಲಿ ಗಂಟೆ ಬಾರಿಸಲ್ಲ. 2024ರ ಜುಲೈನಲ್ಲಿ ತಂಪಾನೂರು ರೈಲ್ವೆ ನಿಲ್ದಾಣದ ಹತ್ತಿರ ಆಮಯಿಳಂಜಾನ್ ತೋಡಿಗೆ ಕಸ ತೆಗೆಯೋಕೆ ಇಳಿದ ಕಾರ್ಮಿಕರೊಬ್ಬರು ಮಳೆನೀರಲ್ಲಿ ಕೊಚ್ಚಿಹೋದರು. ಎರಡು ದಿನ ಬಿಟ್ಟು ಶವ ಸಿಕ್ಕಿತು. ಮನುಷ್ಯರ ಬದಲು ಯಂತ್ರ ಇಳಿಸೋಕೆ, ಪ್ರತಿ ಮಳೆಗಾಲಕ್ಕೆ ಮೊದಲು ಹೂಳೆತ್ತೋಕೆ ವರ್ಷವರ್ಷವೂ ಬರೋ ತೆರಿಗೆನೇ ಬೇಕು.

ಆ 2,500ನ್ನ 10,000 ಮಾಡಿ, ಚರಂಡಿಗೆ ಬೇರೆ ಖಾತೆ ಇಡಿ, ನಾನು ಕಟ್ತೀನಿ. ಖಾತೆ ಬೇರೆ ಇಲ್ದಿದ್ರೆ ಮಾತ್ರ ಒಂದು ರೂಪಾಯಿ ಜಾಸ್ತಿ ಕೊಡಲ್ಲ. ನೀವು ಕೊಡ್ತೀರಾ? ಕೈ ಎತ್ತಿ ನೋಡೋಣ.