ಅಗ್ಗದ ಸೈಕಲ್ಲಿನ ಆಯುಷ್ಯ

(ಬಂಕಾಪುರದಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳೆದುರು ಮಾಡಿದ ಉಪನ್ಯಾಸದ ಬರಹರೂಪ)



ಸುತ್ತಲಿನ ಹಳ್ಳಿಗಳಿಂದ ಬಂಕಾಪುರದ ಪ್ರೌಢಶಾಲೆಗೆ ಬರುವ ಮಗುವಿಗೆ ಸೈಕಲ್ ಆಟದ ವಸ್ತುವಲ್ಲ. ಬಸ್ಸು ತಪ್ಪಿದರೆ ಅಂದಿನ ಪಾಠವೇ ತಪ್ಪುತ್ತದೆ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡಲಾರಂಭಿಸಿದ್ದು ಈ ಕಾರಣಕ್ಕೇ. ಯೋಜನೆ ಒಳ್ಳೆಯದು. ಆದರೆ ಸೈಕಲ್ಲುಗಳು ಕಳಪೆಯೆಂಬ ದೂರು 2018ರಲ್ಲಿ ಹಲವೆಡೆಯಿಂದ ಕೇಳಿಬಂದಿತು. 2020ರಲ್ಲಿ ಕೊರೊನಾ ಬಂದು ವಿತರಣೆ ನಿಂತ ಮೇಲೆ ಪಾಲಕರು ಕೈಯಿಂದ ಹಣ ಹಾಕಿ ಕೊಳ್ಳಬೇಕಾಯಿತು. ಪಟ್ಟಣದ ದೊಡ್ಡ ಮಳಿಗೆಗಳಲ್ಲಿ ಬಕೆಟ್ಟು, ಕುರ್ಚಿಗಳ ಪಕ್ಕದಲ್ಲೇ ಸೈಕಲ್ಲೂ ಥಳಥಳಿಸುತ್ತ ನಿಂತಿರುತ್ತದೆ.

ಅದು ಎಷ್ಟು ದಿನ ಬಾಳಬೇಕು? ಶಾಲೆ ಐದು ಕಿಲೋಮೀಟರ್ ದೂರವಿದ್ದರೆ ಹೋಗಿಬರಲು ದಿನಕ್ಕೆ ಸುಮಾರು ಒಂದು ಗಂಟೆ. ವರ್ಷಕ್ಕೆ 220 ದಿನವೆಂದರೂ ಹತ್ತನೆಯ ತರಗತಿ ಮುಗಿಯುವುದರೊಳಗೆ 660 ಗಂಟೆಗಳ ಓಡಾಟ. 2022ರಲ್ಲಿ ಅಮೆರಿಕದ ಸೈಕಲ್ ಮೆಕ್ಯಾನಿಕರು ಅಲ್ಲಿನ ದೊಡ್ಡ ಮಳಿಗೆಗಳಿಗೂ ತಯಾರಕರಿಗೂ ಮನವಿ ಬರೆದು, ಸೈಕಲ್ ಕನಿಷ್ಠ 500 ಗಂಟೆಯಾದರೂ ಕೆಡದೆ ಓಡಬೇಕೆಂದು ಕೇಳಿದರು. ಶ್ರೀಮಂತ ದೇಶದಲ್ಲಿ ಕೇಳಿದ ಅಷ್ಟು ಗಂಟೆಗಳೂ ನಮ್ಮ ಮಗುವಿನ ಮೂರು ವರ್ಷಕ್ಕೆ ಸಾಲವು!

ಉಳಿತಾಯ ನಡೆಯುವುದು ಕಣ್ಣಿಗೆ ಕಾಣದ ಜಾಗದಲ್ಲಿ. ಒಂದು ಸೈಕಲ್ಲಿಗೆ 20 ರೂಪಾಯಿ ಉಳಿಸಿದರೆ 5 ಲಕ್ಷ ಸೈಕಲ್ಲಿಗೆ ಒಂದು ಕೋಟಿ. ಬಣ್ಣದಲ್ಲಿ ಉಳಿಸಿದರೆ ಗಿರಾಕಿ ನೋಡಿಬಿಡುತ್ತಾನೆ. ಪೆಡಲಿನ ಅಚ್ಚಿನೊಳಗಿನ ಬಟ್ಟಲು, ಗುಂಡುಗಳಲ್ಲಿ ಉಳಿಸಿದರೆ ಯಾರೂ ನೋಡರು. ಸರಿಯಾಗಿ ಹದಗೊಳಿಸದ ಉಕ್ಕಿನ ಬಟ್ಟಲಿನಲ್ಲಿ ಗುಂಡುಗಳು ಕುಳಿ ಕೊರೆಯುತ್ತವೆ. ಗ್ರೀಸ್ ಕಡಿಮೆಯಾಗಿ, ಮಳೆಗಾಲದ ಎರೆಮಣ್ಣಿನ ನೀರು ಒಳಸೇರಿತೆಂದರೆ ಪೆಡಲು ಕಟಕಟ ಎನ್ನತೊಡಗುತ್ತದೆ. ಮುಂಗಾಲಿಯ ಮೇಲೆ ಅಲಂಕಾರಕ್ಕೆಂದು ಕೂಡಿಸಿದ ಅಗ್ಗದ ಸ್ಪ್ರಿಂಗು ತೂಕವನ್ನು ಹೆಚ್ಚಿಸಿ, ತುಳಿದ ಶಕ್ತಿಯಲ್ಲಿ ಒಂದಿಷ್ಟನ್ನು ತಾನೇ ನುಂಗುತ್ತದೆ. ನಯವಾದ ಉಕ್ಕಿನ ರಿಮ್ಮು ಒದ್ದೆಯಾದಾಗ ಬ್ರೇಕು ಹಿಡಿಯುವುದೇ ಕಷ್ಟ; ಹಾನಗಲ್ಲಿನಿಂದ ಪಶ್ಚಿಮಕ್ಕೆ, ಮಲೆನಾಡಿನ ಇಳಿಜಾರಿನಲ್ಲಿ, ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು.

ಹಳೆಯ ಕಪ್ಪು ಸೈಕಲ್ಲನ್ನು ಹೊಗಳಬೇಕೆಂದಿಲ್ಲ. ಅದು ಭಾರ, ಅದರ ಬ್ರೇಕೂ ಮಳೆಯಲ್ಲಿ ಜಾರುತ್ತಿತ್ತು. ಆದರೆ ಅದರ 28 ಅಂಗುಲದ ಚಕ್ರಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿಗಳೆಂಬುದು ಎಲ್ಲೆಡೆ ಒಂದೇ. ಆದ್ದರಿಂದ ಬಿಡಿಭಾಗ ಯಾವ ಊರಿನ ಪಂಕ್ಚರ್ ಅಂಗಡಿಯಲ್ಲಾದರೂ ಸಿಗುತ್ತಿತ್ತು. ರೈತ ನೇಗಿಲಿನ ಕುಳ ಸವೆದರೆ ಕಮ್ಮಾರನಲ್ಲಿ ಹಣಿಸಿಕೊಂಡು ಬರುತ್ತಿದ್ದನೇ ಹೊರತು ನೇಗಿಲನ್ನೇ ಎಸೆಯುತ್ತಿರಲಿಲ್ಲ. ಇಂದಿನ ಕೆಲವು ಅಗ್ಗದ ಸೈಕಲ್ಲುಗಳಲ್ಲಿ ಒಂದು ಭಾಗ ಕೆಟ್ಟರೆ ಅದರ ಜೋಡಿಯೇ ಸಿಗದು. ಉಳಿದ ಹತ್ತಾರು ಕಿಲೋ ಉಕ್ಕು ಗುಜರಿಗೆ ಹೋಗುತ್ತದೆ. ಅದಿರು ಅಗೆದ ಗುಡ್ಡ, ಕುಲುಮೆಯಲ್ಲಿ ಉರಿದ ಕಲ್ಲಿದ್ದಲು, ಎಲ್ಲ ವ್ಯರ್ಥ.

ಕೊಳ್ಳುವ ಮುನ್ನ ಚಕ್ರವನ್ನೆತ್ತಿ ತಿರುಗಿಸಿರಿ. ಅತ್ತಿತ್ತ ಓಲಾಡುತ್ತಿದೆಯೇ ನೋಡಿರಿ. ಪೆಡಲಿನ ತೋಳನ್ನು ಹಿಡಿದು ಅಲುಗಿಸಿರಿ. ಬಿಡಿಭಾಗ ಊರಿನಲ್ಲೇ ಸಿಗುವುದೋ ಎಂದು ಮೆಕ್ಯಾನಿಕನನ್ನು ಕೇಳಿರಿ. ಹೊಸ ಸೈಕಲ್ಲಿನ ಕಡ್ಡಿ, ನಟ್ಟುಗಳು ಮೊದಲ ಹದಿನೈದು ದಿನಗಳಲ್ಲಿ ಸಡಿಲಾಗುವುದು ಸಹಜ. ಆಗಲೇ ಒಮ್ಮೆ ಬಿಗಿಸಿ, ಚಕ್ರದ ಬೆಂಡು ತೆಗೆಸಿ, ಗುಂಡುಗಳಿಗೆ ಗ್ರೀಸ್ ತುಂಬಿಸಿರಿ. ಈ ಕೆಲಸವನ್ನು ಶಾಲೆಯ ಅಂಗಳದಲ್ಲೇ ಒಂದು ಶನಿವಾರ ಮಧ್ಯಾಹ್ನ ಇಟ್ಟುಕೊಂಡರೆ ಮಕ್ಕಳೂ ಪಾನಾ ಹಿಡಿಯುವುದನ್ನು ಕಲಿತಾರು.